ಮೇಷ್ಟರು ಆರಿಸಿಕೊಟ್ಟ ಪುಸ್ತಕ

ಕಳೆದ ವಾರ ಅರಸೀಕೆರೆಯಲ್ಲಿ ಆ ದಪ್ಪ ಪುಸ್ತಕ ನನ್ನ ಕೈಗೆ ಬಂತು. ಮೇಷ್ಟರು ತೀರಿಕೊಂಡ ಮೇಲೆ ಅವರ ಹೆಂಡತಿ ಬೀರು ಖಾಲಿ ಮಾಡುತ್ತಿದ್ದರು. "ನೀವು ಅವರ ಹತ್ರ ಹಳಗನ್ನಡ ಕಲಿತೋರಲ್ವಾ, ಇಟ್ಕೊಳ್ಳಿ" ಎಂದರು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೆಲ್ಲ ಎದ್ದು ಕೂತಿತು... ಕಲಿತದ್ದೇನು ಮಣ್ಣು!

ನಮ್ಮದು ಜಾವಗಲ್. ತೋಟದ ಬದುವಿನಲ್ಲಿ ಒಂದು ವೀರಗಲ್ಲಿದೆ. ಯಾರದೆಂದು ತಿಳಿಯದೆಯೇ ಅಪ್ಪ ಪ್ರತಿ ಸೋಮವಾರ ಅದಕ್ಕೆ ನೀರೆರೆದು ಕೈಮುಗಿಯುತ್ತಿದ್ದರು. ಕಾಯಿಲೆ ಬಿದ್ದ ವರ್ಷ, "ಅದ್ರಲ್ಲಿ ಏನ್ ಬರ್ದೈತೆ ಅಂತ ಓದ್ಸಿ ಹೇಳ್ಲಾ. ಹೋಗೋದ್ರೊಳಗೆ ತಿಳ್ಕಂಡು ಹೋಗ್ತೀನಿ" ಎಂದರು.

ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಹಿಟ್ಟು ಸವರಿ ಫೋಟೋ ತೆಗೆದು, ಹಳಗನ್ನಡ ಬಲ್ಲವರೆಂದು ಹೆಸರಾಗಿದ್ದ ಮೇಷ್ಟರಿಗೆ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಇದು ದನ ಕಾಯೋರ ಕನ್ನಡ ಕಣಯ್ಯಾ. ಕಲಿಯೋದಾದ್ರೆ ಶ್ರೇಷ್ಠವಾದದ್ರಿಂದ ಶುರು ಮಾಡು. ಕಲ್ಲು ಆಮೇಲೆ ತಾನೇ ಓದಿಸ್ಕೊಳ್ಳುತ್ತೆ" ಎಂದು ಈ ಚಂಪೂಕಾವ್ಯ ತೆಗೆದರು.

ಕಾಗುಣಿತ ಬಾರದವನಿಗೆ ಅರಮನೆಯ ವರ್ಣನೆ! ಪುಸ್ತಕವನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ, ಭಾನುವಾರಕ್ಕೊಂದು ಪದ್ಯ ಬರೆಸುತ್ತಿದ್ದರು. ನಾನು ಪದ ಬಿಡಿಸಲಾರದೆ ತಡವರಿಸಿದರೆ ನಗುತ್ತಾ ಕಾಫಿ ಹೀರುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಮ್ಮ ಮೇಷ್ಟರು ದಾರಿಯುದ್ದಕ್ಕೂ ತುಳುಕಿಸಿಕೊಂಡೇ ನಡೆದವರು. ಹದಿನಾರನೇ ಪುಟ ಮುಗಿದೊಡನೆ "ಮನನ ಆಗ್ಬೇಕು" ಎಂದು ಮತ್ತೆ ಮೊದಲ ಪುಟಕ್ಕೆ ಮರಳಿದರು. ನಾವು ಎರಡನೇ ಸಲ ಅದೇ ಅರಮನೆಯೊಳಗೆ ಸುತ್ತುತ್ತಿದ್ದಾಗ ಅಪ್ಪ ಹೋದರು...

ಆಮೇಲೆ ನಾನು ಆ ಮನೆಯ ಕಡೆ ತಲೆ ಹಾಕಲಿಲ್ಲ. ಅಚ್ಚಾದ ಶಾಸನಪಾಠ ಪಕ್ಕದಲ್ಲಿಟ್ಟುಕೊಂಡು ಹಳೇಬೀಡು, ಹಗರೆ ಸುತ್ತಿನ ಪುಟ್ಟ ವೀರಗಲ್ಲುಗಳ ಮುಂದೆ ಕೂತೆ. ತುರು, ಅಂದರೆ ದನ, ಹಿಡಿದರು, ಕಾದಿ ಸತ್ತ, ಕಲ್ಲು ನಿಲ್ಲಿಸಿದ. ಹೆಚ್ಚುಕಡಿಮೆ ಎಲ್ಲದರಲ್ಲೂ ಇವೇ ಮಾತುಗಳು. ಮೂರು ತಿಂಗಳಿಗೆ ಕಣ್ಣು ಪಳಗಿತು. ಹೊಸಬನಿಗೆ ಕೊಡಬೇಕಾದ ಮೊದಲ ಪಾಠ ನಮ್ಮ ತೋಟದಲ್ಲೇ ನಿಂತಿತ್ತು.

ಪುಸ್ತಕವನ್ನು ಮನೆಗೆ ತಂದು ಬಿಡಿಸಿದೆ. ಹದಿನಾರು ಪುಟಗಳ ತುಂಬ ಪೆನ್ಸಿಲ್ ಗೀಟು. ಅಲ್ಲಿಂದ ಕೊನೆಯವರೆಗೆ, ಹಳೇ ಅಚ್ಚಿನ ಪುಸ್ತಕಗಳಲ್ಲಿ ಓದುವವರೇ ಬಿಡಿಸಿಕೊಳ್ಳಬೇಕಾದ ಹಾಳೆಗಳ ಮಡಿಕೆಯನ್ನೇ ಕತ್ತರಿಸಿರಲಿಲ್ಲ. ಮೇಷ್ಟರೂ ಮುಂದಕ್ಕೆ ಓದಿರಲಿಲ್ಲ. ಥೂ! ತಮಗೆ ಕಲ್ಲು ಓದಲು ಬರುವುದಿಲ್ಲ ಎಂದು ಅಂದೇ ಹೇಳಿದ್ದರೆ ಬೇರೆ ಯಾರ ಬಾಗಿಲನ್ನಾದರೂ ತಟ್ಟುತ್ತಿದ್ದೆ. ಸತ್ತವರನ್ನು ಬಯ್ಯಬಾರದಂತೆ. ಬಯ್ದೆ.

ಇವತ್ತು ಸೋಮವಾರ. ಕಲ್ಲಿಗೆ ನೀರೆರೆದು, ಅಪ್ಪನಿಗೆ ಕೇಳಲಿ ಎಂಬಂತೆ ಗಟ್ಟಿಯಾಗಿ ಓದಿದೆ. ಮೂರೇ ಸಾಲು. ಊರ ದನ ಬಿಡಿಸಲು ಹೋಗಿ ಒಬ್ಬ ಸತ್ತ. ಅವನ ಮಗ, ಅಪ್ಪನ ಹೆಸರು ಉಳಿಯಲೆಂದು, ಈ ಕಲ್ಲು ನಿಲ್ಲಿಸಿದ.

ನನ್ನಪ್ಪ ಕೇಳಿದ್ದು ಇಷ್ಟನ್ನೇ...