ಹರವಿಯೊಳಗಿನ ಎತ್ತುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋವೆಯ ಸಾವರ್ಡೆಯ ರೈಲು ಹಳಿಯಾಚೆಗಿನ ಓಣಿಯಲ್ಲಿ ಪಾವ್ ಮಾರುವವನ ಸೈಕಲ್ಲು ಹಾರ್ನ್ ಊದುತ್ತ ಹೋಗುತ್ತದೆ. ಜೂನ್ ತಿಂಗಳ ಮಳೆ ತಗಡಿನ ಸೂರನ್ನು ಒಂದೇ ಸಮನೆ ಬಡಿಯುತ್ತಿದೆ. ಓಣಿಯ ಕೊನೆಯ ಮನೆಯ ಪಡಸಾಲೆಯಲ್ಲಿ ದ್ರಾಕ್ಷಾಯಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡದೊಂದು ಮಣ್ಣಿನ ಹರವಿಯೊಳಗೆ ಮೊಳಕೈವರೆಗೂ ಕೈ ಇಳಿಬಿಟ್ಟು ಕೂತಿದ್ದಾರೆ. ತಳ ಕೆರೆದು ಮೇಲೆತ್ತಿದ ಕೈಯಲ್ಲಿ ಕಪ್ಪು ಮಣ್ಣಿನ ಮುದ್ದೆ. ಅದನ್ನು ಹಲಗೆಯ ಮೇಲೆ ಬಡಿದು ಮತ್ತೆ ಕೈ ಇಳಿಸುತ್ತಾರೆ. ಈ ಸಲ ಸಿಕ್ಕಿದ್ದು ನಿಂಬೆಹಣ್ಣಿನಷ್ಟು.

“ತಳಾ ಹತ್ತಿತ್ರಿ” ಎನ್ನುತ್ತಾರೆ ನನ್ನ ಕಡೆ ತಿರುಗದೆ. “ಇದಾದ್ರ ಆತು.”

ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ಐದು ದಿನ. ಓಣಿಯಲ್ಲಿರುವ ನಮ್ಮ ಕಡೆಯ ಮೂವತ್ತು ಚಿಲ್ಲರೆ ಮನೆಗಳಿಗೆ ಮನೆಗೊಂದು ಜೋಡಿ ಎತ್ತು, ಅವುಗಳ ಮುಂದಿಡಲು ಒಂದು ಮೇವಿನ ಗ್ವಾದಲಿ ಆಗಬೇಕು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ಈ ಜನರಲ್ಲಿ ಹೊಲವಿದ್ದವರು ಕಡಿಮೆ, ಈಗ ಎತ್ತು ಸಾಕಿದವರಂತೂ ಒಬ್ಬರೂ ಇಲ್ಲ. ಆದರೂ ಆ ದಿನ ದೇವರ ಜಗಲಿಯ ಮೇಲೆ ಜೋಡೆತ್ತು ನಿಲ್ಲದಿದ್ದರೆ ಯಾರ ಮನೆಯಲ್ಲೂ ಹೋಳಿಗೆ ತಟ್ಟೆಗೆ ಬೀಳುವುದಿಲ್ಲ. ಆ ಎತ್ತುಗಳನ್ನೆಲ್ಲ ಮಾಡುವವರು ದ್ರಾಕ್ಷಾಯಿಣಿ ಒಬ್ಬರೇ. ಓಣಿಗೆ ಅವರು ‘ಎತ್ತಿನ ಆಯಿ’. ಅವರ ನಿಜವಾದ ಹೆಸರು ಕೇಳಿದರೆ ಎದುರುಮನೆಯವರೂ ಒಂದು ಗಳಿಗೆ ತಡವರಿಸುತ್ತಾರೆ.

ನಾನು ಸಾವರ್ಡೆಗೆ ಬಂದದ್ದು ಗಣಿಗಳು ನಿಂತ ಮೇಲಿನ ಊರಿನ ಬಗ್ಗೆ ಬರೆಯಲು. ಯಾರನ್ನು ಕೇಳಿದರೂ ನಿಂತ ಲಾರಿಗಳ ಲೆಕ್ಕ ಒಪ್ಪಿಸುತ್ತಿದ್ದರು. ಕೇಳಿ ಕೇಳಿ ಬೇಸತ್ತು, ಮಳೆಗೆ ಸಿಕ್ಕು, ಕಂಡ ಮೊದಲ ಸೂರಿನ ಕೆಳಗೆ ನುಗ್ಗಿದೆ. ಅದು ಇವರ ಮನೆ. “ಪಾದರಕ್ಷಾ ಅಲ್ಲೇ ಬಿಟ್ಟು ಬರ್ರಿ, ಎತ್ತು ತುಳದೀರಿ” ಎಂಬ ಮಾತಿನಿಂದಲೇ ನಮ್ಮ ಪರಿಚಯ ಆಯಿತು. ನೋಡಿದರೆ ನೆಲದ ಮೇಲೆ ಸಾಲಾಗಿ ನಿಂತಿದ್ದ ಎತ್ತುಗಳು ಒಂದೊಂದೂ ಹೆಬ್ಬೆರಳಿನಷ್ಟಿದ್ದವು. ತುಳಿದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ದ್ರಾಕ್ಷಾಯಿಣಿಗೆ ಈಗ ಎಪ್ಪತ್ತರ ಆಸುಪಾಸು. ಕೃಷ್ಣಾ ದಂಡೆಯ ಅವರ ಹಳ್ಳಿ ಹಿನ್ನೀರಿನಲ್ಲಿ ಮುಳುಗಿತು. ಊರಿನ ಹೆಸರನ್ನು ಎತ್ತರದ ಜಾಗದಲ್ಲಿ ಕಟ್ಟಿದ ಹೊಸ ಮನೆಗಳಿಗೆ ಇಟ್ಟರು, ಹೊಲವನ್ನು ಹಾಗೆ ಎತ್ತಿ ಇಡಲು ಬರಲಿಲ್ಲ. ನೀರು ಬರುವ ಮುನ್ಸೂಚನೆ ಸಿಕ್ಕ ವರ್ಷವೇ ಗಂಡ ಶಂಕರಲಿಂಗನ ಜೊತೆ ಗೋವೆಗೆ ಬಂದರು. ಮನೆಯಲ್ಲೊಂದು ಜೋಡಿ ಎತ್ತುಗಳಿದ್ದವು, ಬಿಳಿಯ ಮತ್ತು ಕೆಂಪು ಮೈಯ ಕೆಂದ. ಎರಡನ್ನೂ ತವರಿನಲ್ಲಿ ಅಣ್ಣನ ಕೊಟ್ಟಿಗೆಗೆ ಕಟ್ಟಿ ಬಂದರು. ಕೆಂದ ಮೂರು ದಿನ ನೀರು ಮುಟ್ಟಲಿಲ್ಲ ಎಂದು ಆಮೇಲೆ ಸುದ್ದಿ ಬಂತು. ಅಲ್ಲಿಂದ ಮುಂದಿನದನ್ನು ಅವರು ಕೇಳಲಿಲ್ಲ, ಅಣ್ಣನೂ ಹೇಳಲಿಲ್ಲ. ಇಷ್ಟು ಹೇಳಿ ಅವರು ಎದ್ದು ಒಲೆಯ ಬೆಂಕಿ ಸರಿಮಾಡಿದರು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಇಲ್ಲಿ ಸಿಕ್ಕ ಕೆಲಸವೂ ಮಣ್ಣಿನದೇ. ಗಣಿಯಿಂದ ಬರುವ ಲಾರಿಗಳು ದಾರಿಯುದ್ದಕ್ಕೂ ಉದುರಿಸಿದ ಅದಿರನ್ನು ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಮತ್ತೆ ಲಾರಿಗೆ ಸುರಿಯುವುದು. ಬೆಳಿಗ್ಗೆ ಬಿಳಿ ಕುಪ್ಪಸ ತೊಟ್ಟು ಹೋದವರು ಸಂಜೆ ಕೆಂಪು ಕುಪ್ಪಸದಲ್ಲಿ ಬರುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೆ ಹೊತ್ತರು. ಪಕ್ಕದ ಮನೆಯ ಅಮೀರಬಿ ಅವರ ಜೊತೆ ಅದೇ ತಂಡದಲ್ಲಿದ್ದವರು. ಅದಿರಿನ ದೂಳು ಎಷ್ಟಿತ್ತೆಂದರೆ ರೊಟ್ಟಿಯ ಬಣ್ಣವೇ ಬದಲಾಗುತ್ತಿತ್ತು ಎಂದು ಅಮೀರಬಿ ನಗುತ್ತಾರೆ. ಕೊನೆಗೆ ಗಣಿ ನಿಂತಿತು. ಹಾರ ಹಾಕುವವರು ಯಾರೂ ಬರಲಿಲ್ಲ. ನಿವೃತ್ತಿಯಾಗಿ ಎಷ್ಟು ವರ್ಷವಾಯಿತೆಂದು ಕೇಳಿದ್ದಕ್ಕೆ ದ್ರಾಕ್ಷಾಯಿಣಿ ನನ್ನನ್ನೇ ತಿದ್ದಿದರು.

“ನಾ ಎಲ್ಲಿ ರಿಟೈರ್ ಆದೆನ್ರಿ? ಗಣೀನ ರಿಟೈರ್ ಆತು. ನಾ ಮನಿಗೆ ಬಂದೆ.”

ಈಗಿನ ದಿನಚರಿ ಸಾವಕಾಶದ್ದು. ಮಗ ಪರಮಣ್ಣ ಮಡಗಾಂವಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಸೊಸೆಯೂ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಅವರಿಬ್ಬರ ಬುತ್ತಿ ಕಟ್ಟಿ ಕಳಿಸಿದ ಮೇಲೆ ಆಯಿ ಒಂದು ಪಾವನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಮೊದಮೊದಲು ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ, ಈಗ ಪಾವಿನವನು ಒಂದು ದಿನ ತಪ್ಪಿಸಿದರೆ ಅವನಿಗೆ ಬೈಗುಳ ಕಾದಿರುತ್ತದೆ, ಅದೂ ಕೊಂಕಣಿಯಲ್ಲಿ. ಸಂಜೆ ಮಳೆ ಬಿಟ್ಟರೆ ಅಮೀರಬಿಯ ಜೊತೆ ಸ್ಟೇಷನ್ನಿನ ಬೆಂಚಿಗೆ ಹೋಗಿ ಕೂರುತ್ತಾರೆ. ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿ ನೋಡುತ್ತಾರೆ. ಯಾರೋ ಬರುತ್ತಾರೆಂದಲ್ಲ. ಇಳಿದವರ ಮಾತು ಕಿವಿಗೆ ಬೀಳುತ್ತದೆ, ಅಷ್ಟು ಸಾಕು.

ಉಳಿದ ಹನ್ನೊಂದು ತಿಂಗಳ ಮಾತು ಇದು. ಜ್ಯೇಷ್ಠ ಬಂತೆಂದರೆ ಅವರು ಬೇರೆಯೇ ಮನುಷ್ಯರು.

ಗೋವೆಯ ಮೊದಲ ವರ್ಷದ ಅಮಾವಾಸ್ಯೆಗೆ ಅವರು ರಸ್ತೆ ಬದಿಯ ಕೆಂಪು ಮಣ್ಣನ್ನೇ ತಂದು ನಾದಿದ್ದರು. ಊರಿನ ಎರೆಮಣ್ಣನ್ನು ನಾದಿದ ಹಾಗೆಯೇ ನಾದಿದರು. ಬೆಳಗಾಗುವಷ್ಟರಲ್ಲಿ ಎತ್ತುಗಳ ಮೈಯೆಲ್ಲ ಬಿರುಕು, ಒಂದರ ಕಾಲೂ ನೆಟ್ಟಗೆ ನಿಂತಿರಲಿಲ್ಲ. ಹಬ್ಬದ ದಿನ ಅವರು ಅತ್ತರು. ಶಂಕರಲಿಂಗ ಮರುದಿನ ರೈಲು ಹತ್ತಿ ಊರಿಗೆ ಹೋದರು. ನೀರು ಅಷ್ಟರಲ್ಲಿ ಬದುವಿಗೆ ಬಂದಿತ್ತು. ಇನ್ನೂ ಒಣಗಿದ್ದ ಮೂಲೆಯಿಂದ ತಮ್ಮ ಹೊಲದ ಕಪ್ಪು ಮಣ್ಣನ್ನು ಎರಡು ಗೋಣಿಚೀಲ ತುಂಬಿಕೊಂಡು ಬಂದರು. ರೈಲಿನಲ್ಲಿ ಟಿಸಿ ಚೀಲ ಬಿಚ್ಚಿಸಿ ನೋಡಿ, ಊರಿಗೆ ಊರೇ ಮಣ್ಣು ಮಾರಿ ಬದುಕುವ ಕಡೆ ನೀನು ಮಣ್ಣು ಹೊತ್ತುಕೊಂಡು ಹೊರಟಿದ್ದೀಯಲ್ಲೋ ಎಂದು ಹಣೆ ಚಚ್ಚಿಕೊಂಡನಂತೆ.

ಆ ಎರಡು ಚೀಲದ ಮಣ್ಣೇ ಇವತ್ತಿಗೂ ಎತ್ತಾಗುತ್ತಿದೆ. ಅದು ಹೇಗೆಂದು ಕೇಳಿದಾಗ ಆಯಿಗೆ ನನ್ನ ಪೆದ್ದುತನದ ಮೇಲೆ ಕನಿಕರ ಹುಟ್ಟಿತು. ಹಬ್ಬ ಮುಗಿದ ಮೂರನೆಯ ದಿನ ಅವರು ಬುಟ್ಟಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಪೂಜೆಯಾದ ಎತ್ತುಗಳನ್ನು, ಮಕ್ಕಳ ಕೈಯಲ್ಲಿ ಮುರಿದ ಕೋಡು ಕಾಲುಗಳನ್ನು ಸಹ, ವಾಪಸು ತರುತ್ತಾರೆ. ಎಲ್ಲವನ್ನೂ ಹರವಿಯ ನೀರಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಮುಂದಿನ ಜ್ಯೇಷ್ಠದವರೆಗೆ ಅದು ಅಲ್ಲೇ ನೆನೆಯುತ್ತದೆ. ಪೂಜೆಯ ಎತ್ತನ್ನು ಹೊಳೆಗೋ ಬಾವಿಗೋ ಬಿಡಬೇಕಲ್ಲವೇ ಎಂದು ನಾನು ಶಾಸ್ತ್ರ ತೆಗೆದೆ.

“ನೀರಿಗೇ ಬಿಡತೇನಲ್ರಿ, ಹರವಿ ನೀರಿಗೆ. ಎಲ್ಲಾರ ಮನಿ ಎತ್ತೂ ಒಂದ ಹರವ್ಯಾಗ ಕರಗತಾವ. ಈ ವರ್ಷ ನಿಮ್ಮ ಮನ್ಯಾಗ ಇದ್ದದ್ದು ಬರೂ ವರ್ಷ ಅವರ ಮನ್ಯಾಗ ಇರತೈತಿ.”

ಆದರೆ ಹರವಿಗೆ ಹೋದಷ್ಟೂ ಮಣ್ಣು ಹರವಿಯಿಂದ ಬರುವುದಿಲ್ಲ. ಒಂದಿಷ್ಟು ಕೈಗೆ ಹತ್ತಿ ಹೋಗುತ್ತದೆ, ಒಂದಿಷ್ಟು ಮಳೆಯ ಪಾಲು. ಮನೆ ಬದಲಿಸಿದವರು ಗಂಟಿನ ಜೊತೆ ಎತ್ತನ್ನೂ ಕಟ್ಟಿಕೊಂಡು ಹೋಗುತ್ತಾರೆ. ಓಣಿಯಲ್ಲಿ ಮನೆಗಳೂ ಹೆಚ್ಚಿದವು. ಆಯಿ ಪ್ರತಿ ವರ್ಷ ಎತ್ತನ್ನು ಒಂದು ಚೂರು ಸಣ್ಣ ಮಾಡುತ್ತ ಬಂದರು. ಯಾರಿಗೂ ತಿಳಿಯಲಿಲ್ಲ, ಸ್ವತಃ ಅವರಿಗೂ. ಹೋದ ವರ್ಷ ಎದುರುಮನೆಯ ಪುಟ್ಟ ಹುಡುಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಇಲಿ ಎಂದಳಂತೆ. ಆ ಮಾತು ಅವರಿಗೆ ಇನ್ನೂ ನಾಟಿಕೊಂಡಿದೆ.

ವಿಜಯಪುರದ ಕಡೆ ಎರೆಮಣ್ಣಿಗೆ ಬರವೇ, ಯಾವ ಲಾರಿಯವನಿಗೆ ಹೇಳಿದರೂ ಒಂದು ಚೀಲ ತಂದು ಹಾಕುವುದಿಲ್ಲವೇ ಎಂದು ನಾನು ವಾದಿಸಿದೆ. ಇದು ಬರೀ ಹಟ ಎಂದೂ ಹೇಳಿದೆ. ಅವರು ಸಿಟ್ಟಾಗಲಿಲ್ಲ.

“ಹಟಾನ ಅನ್ರಿ. ನಮ್ಮವ್ರು ಹೊತ್ತು ತಂದದ್ದ ಇದು. ಆ ಹೊಲಾ ಇಲ್ಲ, ಈಗ ಅವರೂ ಇಲ್ಲ. ಇದು ತೀರಿತಂದ್ರ ಎರಡೂ ಖರೇನ ತೀರಿದಂಗ.”

ಹರವಿಯ ತಳ ಹತ್ತಿದ ಆ ಬೆಳಿಗ್ಗೆಯೇ ಆಯಿ ಪಣಜಿಗೆ ಫೋನು ಹಚ್ಚಿಸಿದರು. ಅಲ್ಲಿರುವ ರೂಪಾ ಇದೇ ಓಣಿಯಲ್ಲಿ ಬೆಳೆದ ಹುಡುಗಿ. ಹದಿನೈದು ವರ್ಷದ ಹಿಂದೆ, ಮದುವೆಯಾದ ಮೊದಲ ಅಮಾವಾಸ್ಯೆಯ ಎತ್ತುಗಳನ್ನು ಗಂಡನ ಮನೆಗೆ ಒಯ್ದವಳು ಮರಳಿ ಕೊಟ್ಟಿರಲಿಲ್ಲ. ಟೀವಿಯ ಪಕ್ಕ ಪ್ಲಾಸ್ಟಿಕ್ ಹೂವಿನ ನಡುವೆ ನಿಲ್ಲಿಸಿಕೊಂಡಿದ್ದಳು. ಪ್ರತಿ ವರ್ಷ ಆಯಿ ಕೇಳುವುದು, ಅವಳು ನಕ್ಕು ಜಾರಿಕೊಳ್ಳುವುದು ನಡೆದೇ ಇತ್ತು. ಈ ಸಲ ಆಯಿ ಬೈಯಲಿಲ್ಲ. ಇನ್ನೂ ಎಂಟು ಮನೆಗೆ ಎತ್ತಿಲ್ಲ, ಮಣ್ಣು ಮುಗಿದಿದೆ ಎಂದಷ್ಟೇ ಹೇಳಿದರು. ರೂಪಾ ಭಾನುವಾರ ತರುವುದಾಗಿ ಹೇಳಿದಳು.

ನಾನು ಆ ಭಾನುವಾರಕ್ಕಾಗಿ ಸಾವರ್ಡೆಯಲ್ಲಿ ಉಳಿದೆ.

ರೂಪಾ ಬರುವಾಗ ಮಧ್ಯಾಹ್ನ. ಮಿಠಾಯಿಯ ಡಬ್ಬಿಯಲ್ಲಿ ಹಳೆಯ ಪೇಪರು ತುರುಕಿ, ಅದರೊಳಗೆ ಮಲಗಿಸಿ ತಂದಿದ್ದ ಎತ್ತುಗಳನ್ನು ತೆಗೆದು ಹಲಗೆಯ ಮೇಲೆ, ಈ ವರ್ಷದ ಎತ್ತುಗಳ ಪಕ್ಕದಲ್ಲೇ ನಿಲ್ಲಿಸಿದಳು. ಅವು ಗೇಣುದ್ದ ಇದ್ದವು. ಡುಬ್ಬ ಮೇಲೆದ್ದಿತ್ತು, ಗಂಗೆದೊಗಲು ಇಳಿಬಿದ್ದಿತ್ತು, ಕಣ್ಣಿಗಿಟ್ಟ ಜೋಳದ ಕಾಳು ಹಾಗೆಯೇ ಇತ್ತು. ಈ ವರ್ಷದವುಗಳಿಗೆ ಕಣ್ಣಿಡಲು ಜಾಗವೇ ಇರಲಿಲ್ಲ. ಅಮೀರಬಿ ಬಾಗಿಲಲ್ಲಿ ಬಂದು ನಿಂತರು. ದ್ರಾಕ್ಷಾಯಿಣಿ ದೊಡ್ಡ ಎತ್ತನ್ನೊಮ್ಮೆ ಎತ್ತಿಕೊಂಡರು, ಸಣ್ಣದನ್ನೊಮ್ಮೆ ಎತ್ತಿಕೊಂಡರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

“ನಾ ಇಷ್ಟು ದೊಡ್ಡು ಮಾಡತಿದ್ನೇನವಾ?” ಎಂದು ರೂಪಾಳನ್ನು ಕೇಳಿದರು. “ಆ ಹುಡುಗಿ ಇಲಿ ಅಂದದ್ದ ಖರೇ ಐತಿ.”

ಕರಗಿಸಲು ತರಿಸಿದ್ದ ಎತ್ತುಗಳನ್ನು ಹರವಿಯ ಹತ್ತಿರ ಒಯ್ದರು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಸ್ವಲ್ಪ ಹೊತ್ತು ನಿಂತು ಮತ್ತೆ ಕಟ್ಟಿದರು. ಎತ್ತುಗಳನ್ನು ಡಬ್ಬಿಯಲ್ಲಿ ಮೊದಲಿನಂತೆಯೇ ಮಲಗಿಸಿ ರೂಪಾಳ ಮಡಿಲಿಗಿಟ್ಟರು. ಟೀವಿಯ ಪಕ್ಕ ಬೇಡ, ಎತ್ತರದಲ್ಲಿಡು, ಮಕ್ಕಳ ಕೈಗೆ ಸಿಕ್ಕೀತು ಎಂದರು. ರೂಪಾ ಕಣ್ಣೊರೆಸಿಕೊಂಡಳು.

ಆಗ ಮಾತಾಡಿದವರು ಅಮೀರಬಿ. ಅವರು ಪ್ರತಿ ವರ್ಷ ತಮ್ಮ ಒಲೆಯನ್ನು ಹಳ್ಳದ ದಂಡೆಯ ಕೆಂಪು ಮಣ್ಣಿನಿಂದ ಮೆತ್ತುತ್ತಾರೆ. ಆ ಮಣ್ಣು ರಸ್ತೆ ಬದಿಯದರ ಹಾಗೆ ಹರಳು ಹರಳಾಗಿಲ್ಲ, ಮಳೆಗೆ ತೊಳೆದು ಇಳಿದ ನುಣುಪು ಮಣ್ಣು. ಅದನ್ನು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರಂತೆ. ಮೊದಲ ವರ್ಷದ ಬಿರುಕು ನೆನೆದು ದ್ರಾಕ್ಷಾಯಿಣಿ ಪ್ರತಿ ಸಲವೂ ಮುಖ ತಿರುವಿದ್ದರು.

“ಇಷ್ಟು ವರ್ಷ ಬೆಂಕಿ ತಡದೈತಿ ನನ್ನ ಒಲಿ, ಒಂದ ಸೀಳ ಬಿಟ್ಟಿಲ್ಲ” ಎಂದರು ಅಮೀರಬಿ. “ನಿನ್ನ ಎತ್ತು ನಿಲ್ಲಂಗಿಲ್ಲೇನ ದ್ರಾಕ್ಷವ್ವಾ?”

ದ್ರಾಕ್ಷಾಯಿಣಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಅದಿರು ಹೊರುತ್ತಿದ್ದ ಹಳೆಯ ಬುಟ್ಟಿ, ಹಳೆಯ ಸೀರೆಯ ಸಿಂಬಿ. ಗಣಿ ನಿಂತ ಮೇಲೆ ಅವೆರಡನ್ನೂ ಅಟ್ಟದಿಂದ ಇಳಿಸಿರಲಿಲ್ಲ. ಮಳೆ ಸಣ್ಣಗೆ ಹನಿಯುತ್ತಿತ್ತು. ಇಬ್ಬರು ಮುದುಕಿಯರು ಹಳ್ಳದ ದಂಡೆಯಲ್ಲಿ ಕೂತು ಮಣ್ಣು ಬಗೆದರು. ನಾನು ಕೊಡೆ ಹಿಡಿದು ನಿಂತೆ. ನಾನು ಹೊರಲು ಮುಂದಾದಾಗ ದ್ರಾಕ್ಷಾಯಿಣಿ ಬೇಡ ಎಂದು ನನ್ನನ್ನು ಸರಿಸಿ, ಸಿಂಬಿ ಇಟ್ಟುಕೊಂಡು ಬುಟ್ಟಿಯನ್ನು ಒಂದೇ ಏಟಿಗೆ ತಲೆಗೇರಿಸಿದರು.

“ಜಲ್ಮ ಎಲ್ಲಾ ಈ ಕೆಂಪ ಮಣ್ಣ ಮಂದೀ ಲಾರಿಗೆ ಹೊತ್ತೇನ್ರಿ” ಎಂದರು ನಡೆಯುತ್ತ. “ಇವತ್ತೊಂದಿನ ನಮ್ಮ ಮನಿಗೆ ಹೊರತೇನಿ.”

ಮನೆಯಲ್ಲಿ ಅದನ್ನು ಜರಡಿ ಹಿಡಿದು, ಹತ್ತಿಯ ಎಳೆ ಮತ್ತು ಒಲೆಯ ಬೂದಿ ಕೂಡಿಸಿ ನಾದುತ್ತಾರೆ. ಈ ಸಲ ಕೈಗೆ ಅವಸರವಿಲ್ಲ. ಹೆಬ್ಬೆರಳಿನ ಗಾತ್ರದ ಎತ್ತುಗಳನ್ನೆಲ್ಲ ಮತ್ತೆ ಮುದ್ದೆ ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಆ ಕಪ್ಪು ಮಣ್ಣು ಇನ್ನು ಕೋಡಿಗೆ ಮಾತ್ರ. ಬರೀ ಕೋಡಿಗಾದರೆ ತಾವಿರುವವರೆಗೂ ಸಾಕಾಗುತ್ತದೆ ಎಂಬ ಲೆಕ್ಕ ಅವರದು. ಮಳೆಗಾಲದಲ್ಲಿ ಬಿಸಿಲು ಕೇಳುವಂತಿಲ್ಲ. ಒಲೆಯ ಮೇಲೆ ಕಟ್ಟಿದ ಹಲಗೆಯಲ್ಲಿಟ್ಟು, ಕೆಳಗೆ ಸಣ್ಣ ಉರಿ ಮಾಡಿ ಒಣಗಿಸುತ್ತಾರೆ. ಮೊದಲ ಎತ್ತು ಅಲ್ಲಿ ಏರಿದ ಮೇಲೆ ರೂಪಾಳೂ ಸೇರಿ ಮೂವರೂ ಅದನ್ನೇ ನೋಡುತ್ತ ಕೂರುತ್ತಾರೆ. ನನ್ನ ಸಂಜೆಯ ರೈಲು ಹೋಗಿಬಿಟ್ಟಿತು. ಪತ್ರಿಕೆಯ ಕಚೇರಿಗೆ ಏನು ಹೇಳುವುದೆಂದು ಯೋಚಿಸುತ್ತ ನಾನೂ ಕೂತೆ.

ದೀಪ ಹಚ್ಚುವ ಹೊತ್ತಿಗೆ ಆಯಿ ಅದನ್ನು ಇಳಿಸಿ, ಬೆರಳಿನಿಂದ ಕಾಲು ತಟ್ಟಿ ನೋಡುತ್ತಾರೆ. ಬಿರುಕಿಲ್ಲ. ನೆಲದ ಮೇಲೆ ನಿಲ್ಲಿಸುತ್ತಾರೆ. ಗೇಣುದ್ದದ ಎತ್ತು, ಕೆಂಪು ಮೈ, ಕಪ್ಪು ಕೋಡು, ಜೋಳದ ಕಣ್ಣು. ಅಮೀರಬಿ ಚಲೋ ಬಂದಿದೆ ಎನ್ನುತ್ತಾರೆ. ದ್ರಾಕ್ಷಾಯಿಣಿ ಒದ್ದೆ ಬೆರಳಿನಿಂದ ಅದರ ಬೆನ್ನು ಸವರುತ್ತಲೇ ಇದ್ದಾರೆ. ಒಂದು ಹನಿ ನೀರನ್ನು ಬೇಕೆಂದೇ ಅದರ ಮೂತಿಯ ಹತ್ತಿರ ಬಿಡುತ್ತಾರೆ.

“ಕೆಂದ” ಎನ್ನುತ್ತಾರೆ ಕೊನೆಗೆ. “ಇಷ್ಟು ವರ್ಷ ಆ ಕರೀ ಮಣ್ಣಾಗ ಇವನ್ನ ಮಾಡಾಕ ಆಗಿರಲಿಲ್ರಿ.”