ಬಲಕ್ಕೆ ತಲೆ ಮಾಡಿದ ಮೀನು

ಅದಕ್ಕೇ ಹೇಳಿದ್ದು, ಬಕೆಟ್ ಅಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ ಅನ್ನುವುದು ಬೈಗುಳವಲ್ಲ, ಅದು ಆಕೆಯ ಹೊಟ್ಟೆಪಾಡು. ಗಾಯಗೊಂಡ ಡಾಲ್ಫಿನ್‌ಗಳನ್ನು ಸಾಕುವ ಆ ಕೇಂದ್ರದ ಮೀನಿನ ಕೋಣೆಯಲ್ಲಿ ಹದಿನೇಳು ವರ್ಷದಿಂದ ಆಕೆ ಮಾಡುತ್ತಿರುವುದೇ ಅನುಮಾನ ಪಡುವ ಕೆಲಸ. ಮಂಜುಗಡ್ಡೆ ಕರಗಿಸಿ ತೆಗೆದ ಒಂದೊಂದು ಮೀನನ್ನೂ ಎತ್ತುತ್ತಾಳೆ, ಕಿವಿರು ಬಿಡಿಸಿ ಬಣ್ಣ ನೋಡುತ್ತಾಳೆ, ಮೂಗಿಗೆ ಹಿಡಿಯುತ್ತಾಳೆ. ‘ಹೂಂ’ ಅಂದರೆ ಬಕೆಟ್‌ಗೆ, ಮುಖ ಸಿಂಡರಿಸಿದರೆ ಕಸಕ್ಕೆ. ಡಾಲ್ಫಿನ್‌ಗೆ ವಾಸನೆ ಅನ್ನುವುದೇ ಗೊತ್ತಾಗುವುದಿಲ್ಲವಂತೆ. “ಅತ್ತೆಯ ಮೂಗು ನಾನೇ” ಅನ್ನುತ್ತಾಳೆ ಅಕ್ಕ.

ಅತ್ತೆ ಅಂದರೆ ಅಲ್ಲಿನ ಹಿರಿಯ ಹೆಣ್ಣು ಡಾಲ್ಫಿನ್. ದೋಣಿಯ ಪಂಖ ತಗುಲಿ ಬಾಲದ ಅರ್ಧ ಹೋಗಿದೆ. ಬೇಟೆಯ ಹಿಂದೆ ಓಡಲಾರಳು, ಹಾಗಾಗಿ ದಡದ ಪಕ್ಕ ಬಲೆ ಕಟ್ಟಿ ಮಾಡಿದ ಕಡಲಿನ ಅಂಗಳದಲ್ಲೇ ವಾಸ. ನಿದ್ದೆ ಮಾಡುವಾಗಲೂ ಮಿದುಳಿನ ಅರ್ಧ ಭಾಗ ಮಾತ್ರ ಮಲಗಿಸಿ, ಇನ್ನರ್ಧದಿಂದ ಒಂದು ಕಣ್ಣು ತೆರೆದು ಎಲ್ಲರನ್ನೂ ಕಾಯುತ್ತಾಳೆ. ಆ ಹೆಸರು ಬಂದದ್ದೇ ಹಾಗೆ.

ಇತ್ತೀಚೆಗೆ ಅತ್ತೆಯಲ್ಲಿ ಮೊದಲು ಸುಸ್ತು ಕಂಡಿತು. ಆಮೇಲೆ ಅತ್ತೆ ಒಂದು ಪಕ್ಕಕ್ಕೆ ವಾಲಿಕೊಂಡು ಈಜತೊಡಗಿದಳು. ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಕಾಗದ ಹಿಡಿದು ಮೀನಿನ ಕೋಣೆಗೇ ಬಂದರು.

“ಅಕ್ಕಾ, ವಿಟಮಿನ್ ಮಾತ್ರೆ ದಿನಾ ಇಡ್ತಿದೀರಾ?”

“ಇದೇನ್ ಕೇಳ್ತೀರಾ ಡಾಕ್ಟ್ರೇ? ಉಸಿರಾಡ್ತಿದೀಯಾ ಅಂತ ಕೇಳ್ದಂಗಾಯ್ತು.”

“ಮೈಯಲ್ಲಿ ಒಂದು ಚೂರೂ ಇಲ್ಲ. ಹೀಗೇ ಆದ್ರೆ ಅವಳು ಉಳಿಯಲ್ಲ. ಹತ್ತು ದಿನ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಈ ಕೋಣೆಯ ಬೀಗದ ಕೈ ಬೇರೆಯವ್ರಿಗೆ ಕೊಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರಲ್ಲ, ಆಕೆಗೆ ಮೈ ಉರಿಯಿತು. ಹೆಪ್ಪುಗಟ್ಟಿಸಿಟ್ಟ ಮೀನಿನಲ್ಲಿ ಆ ವಿಟಮಿನ್ ಕರಗಿಹೋಗುತ್ತದೆ, ಮಾತ್ರೆ ಕೊಡದಿದ್ದರೆ ಡಾಲ್ಫಿನ್‌ನ ನರಗಳೇ ಸೋಲುತ್ತವೆ ಅನ್ನುವುದು ಆಕೆಗೆ ಬಾಯಿಪಾಠ. ಬೆಳಗ್ಗೆ ಎಲ್ಲಕ್ಕಿಂತ ಮೊದಲು, ದಪ್ಪ ಮೀನೊಂದರ ಕಿವಿರಿನೊಳಗೆ ಮಾತ್ರೆ ತೂರಿಸುವುದೇ ಆಕೆಯ ಕೆಲಸದ ಶ್ರೀಕಾರ. ಡಾಲ್ಫಿನ್ ಅಗಿಯುವುದಿಲ್ಲ, ರೆಕ್ಕೆ ಗಂಟಲಿಗೆ ಚುಚ್ಚದಂತೆ ತಲೆ ಕಡೆಯಿಂದ ಇಡಿಯಾಗಿ ನುಂಗುತ್ತದೆ. ಅದಕ್ಕೇ ಬಕೆಟ್‌ನಲ್ಲಿ ಮೀನುಗಳನ್ನೆಲ್ಲ ತಲೆ ಎಡಕ್ಕೆ ಮಾಡಿ ಸಾಲಾಗಿ ಜೋಡಿಸುತ್ತಾಳೆ. ಮಾತ್ರೆಯದೊಂದು ಮಾತ್ರ ತಲೆ ಬಲಕ್ಕೆ. ತರಬೇತುದಾರ ಅದನ್ನು ಮೊದಲು ಎತ್ತಿ, ಗಿರ್ರನೆ ತಿರುಗಿಸಿ, ಅತ್ತೆಯ ಬಾಯಿಗೆ ಹಾಕಬೇಕು.

ಹಾಗಾದರೆ ಕಳ್ಳ ಯಾರು? ಮೊದಲ ಅನುಮಾನ ಆ ತರಬೇತುದಾರನ ಮೇಲೆಯೇ. ಬಂದು ನಾಲ್ಕು ತಿಂಗಳಾಗಿದೆ, ಕೊರಳಲ್ಲಿ ಯಾವಾಗಲೂ ಶಿಳ್ಳೆ, ಎಲ್ಲರೂ ಕರೆಯುವುದೂ ಶಿಳ್ಳೆ ಅಂತಲೇ. ಅಕ್ಕ ಪಂಪು ಕೋಣೆಯ ಬಾಗಿಲ ಸಂದಿಯಿಂದ ಮೂರು ಬೆಳಗ್ಗೆ ಕದ್ದು ನೋಡಿದಳು. ಆತ ಬಲಕ್ಕೆ ತಲೆಯ ಮೀನನ್ನೇ ಎತ್ತುತ್ತಿದ್ದ, ತಿರುಗಿಸುತ್ತಿದ್ದ, ಬಾಯಿಗೆ ಹಾಕುತ್ತಿದ್ದ. ಬಾಯಿ ಮುಚ್ಚುತ್ತಿತ್ತು. ಅತ್ತೆ ಒಂದು ಸುತ್ತು ಹೊಡೆದು ಬಂದು ಮತ್ತೆ ಬಾಯಿ ತೆರೆಯುತ್ತಿದ್ದಳು.

“ಅಕ್ಕಾ, ಹೊರಗ್ ಬನ್ನಿ, ಕಾಲು ಕಾಣ್ತಿದೆ” ಅಂದ ಶಿಳ್ಳೆ ಮೂರನೆಯ ದಿನ. “ನಾನೇ ತಿಂತೀನಿ ಅನ್ಕೊಂಡ್ರಾ?”

“ತಿಂದ್ರೆ ನಿನ್ ಮುಖದಲ್ಲಿ ಒಂಚೂರು ಕಳೆ ಬರ್ತಿತ್ತು ಬಿಡು” ಅಂದು ಆಕೆ ತಿರುಗಿ ಹೋದಳು.

ಎರಡನೆಯ ಅನುಮಾನ ಮಾತ್ರೆಯ ಮೇಲೆ. ಸುಣ್ಣದ ಪುಡಿಯೋ ಏನೋ ಅಂತ ಒಂದನ್ನು ತಾನೇ ನೆಕ್ಕಿದಳು. ಕಹಿಯೆಂದರೆ ಕಹಿ, ಸಂಜೆಯವರೆಗೂ ನಾಲಿಗೆ ಬಿಡಲಿಲ್ಲ. ಮಾತ್ರೆ ಅಸಲಿಯೇ. ಬಲೆಯ ಮೂಲೆಗಂಬದ ಮೇಲೆ ದಿನಾ ಬೆಳಗ್ಗೆ ಕಾದು ಕೂರುವ ದುಂಡನೆಯ ಕಡಲಹಕ್ಕಿಯನ್ನೂ ಒಮ್ಮೆ ದುರುಗುಟ್ಟಿ ನೋಡಿದಳು. ಅದೇನು ಬಕೆಟ್‌ಗೆ ಬಾಯಿ ಹಾಕುತ್ತಿಲ್ಲವಲ್ಲ ಅಂತ ಸುಮ್ಮನಾದಳು.

ಏಳನೆಯ ದಿನ ಮನೆಯಲ್ಲಿ ಅಕ್ಕನ ಕೆಲಸದ ಅಂಗಿಯ ಎಡತೋಳಿನ ಗುಂಡಿ ಕಿತ್ತುಬಂತು. ಗಂಡ ದರ್ಜಿ. ಆತನ ಹೊಲಿಗೆ ಯಂತ್ರದ ಪಕ್ಕ ಇದ್ದ ಗುಂಡಿ ಡಬ್ಬಿಗೆ ಕೈ ಹಾಕಿದರೆ, ಗುಲಾಬಿ ಗುಂಡಿಗಳ ನಡುವೆ ಗುಲಾಬಿ ಮಾತ್ರೆಗಳು! ಒಂದಲ್ಲ, ಎರಡಲ್ಲ, ಮುಷ್ಟಿ ತುಂಬ. ಆತನ ರಕ್ತದೊತ್ತಡದ ಮಾತ್ರೆ.

“ಇದೇನ್ರೀ ಇದು?”

ದರ್ಜಿ ಸೂಜಿಗೆ ದಾರ ಪೋಣಿಸುವವನಂತೆ ತಲೆ ತಗ್ಗಿಸಿದ. “ತಲೆ ಸುತ್ತು ಬರತ್ತೆ ಕಣೇ, ಅದಕ್ಕೆ...”

“ದಿನಾ ನನ್ನೆದುರಿಗೇ ನುಂಗ್ತಿದ್ರಲ್ರೀ! ನಾನೇ ಕಣ್ಣಾರೆ ನೋಡಿದೀನಿ!”

“ನೀನು ನೋಡಿದ್ದು ಬಾಯಿ ಮುಚ್ಚಿದ್ದು.”

ಅಕ್ಕ ಮುಷ್ಟಿಯ ಮಾತ್ರೆಗಳನ್ನು ಮತ್ತೊಮ್ಮೆ ನೋಡಿದಳು. ಬಾಯಿ ಮುಚ್ಚಿದ್ದು! ಅಷ್ಟು ದಿನ ಲೋಕದ ಮೇಲೆಲ್ಲ ಅನುಮಾನ ಪಟ್ಟವಳು ಒಬ್ಬಳ ಮೇಲೆ ಮಾತ್ರ ಪಟ್ಟಿರಲಿಲ್ಲ. “ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ” ಅಂದಳು. ವಿಚಾರಿಸಿಕೊಂಡಳು ಕೂಡ, ಮಾರನೆಯ ವಾರ ಗಂಡನನ್ನು ಆತನ ಡಾಕ್ಟರ ಹತ್ತಿರ ಕೈ ಹಿಡಿದು ಎಳೆದೊಯ್ದು ಮಾತ್ರೆ ಬದಲಾಯಿಸಿಕೊಂಡು ಬಂದಳು.

ಎಂಟನೆಯ ದಿನ ಬೆಳಗಾದಾಗ ಹಲಗೆಯ ಕಾಲುದಾರಿಯ ಮೇಲೆ, ಬಲೆಯ ಮೂಲೆಯ ಹತ್ತಿರ, ಬಕೆಟ್ ಅಕ್ಕ ಬೋರಲು ಮಲಗಿ ನೀರಿನೊಳಗೆ ಕಣ್ಣು ನೆಟ್ಟಿದ್ದಳು. ಶಿಳ್ಳೆ ಮೊದಲ ಮೀನು ಹಾಕಿದ. ಬಾಯಿ ಮುಚ್ಚಿತು. ಅತ್ತೆ ಮುಳುಗಿದಳು. ತಿಳಿನೀರಿನಲ್ಲಿ ವಾಲುತ್ತ ವಾಲುತ್ತ ಮೂಲೆಗೆ ಬಂದು, ಬಾಯಿಂದ ಮೀನನ್ನು ಮೆಲ್ಲಗೆ ಬಿಟ್ಟು, ಹರಿದ ಬಲೆಕಣ್ಣಿನಿಂದ ಮೂತಿಯಲ್ಲಿ ಆಚೆಗೆ ತಳ್ಳಿದಳು. ಕಂಬದ ಮೇಲಿನ ಹಕ್ಕಿ ಬುಳಕ್ಕನೆ ಬಿದ್ದು ಕಚ್ಚಿಕೊಂಡು ಹಾರಿತು. ಅತ್ತೆ ಏನೂ ಆಗದವಳಂತೆ ವಾಪಸು ಹೋಗಿ ಬಾಯಿ ತೆರೆದಳು.

“ಎಲಾ ಇವಳಾ!” ಅಂತ ಅಕ್ಕ ಕೂಗಿದ್ದು ಡಾಕ್ಟರಮ್ಮನ ಕೋಣೆಯವರೆಗೂ ಕೇಳಿಸಿತು.

ಆದರೂ ನಂಬಿಬಿಡುವ ಜಾತಿಯಲ್ಲ ಆಕೆ. ಮಾತ್ರೆಯ ರುಚಿಗೆ ಉಗುಳುತ್ತಾಳೋ, ಬೇರೇನಾದರೂ ಇದೆಯೋ? ಮಾರನೆಯ ದಿನ ಡಾಕ್ಟರಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅವತ್ತು ಬಲಕ್ಕೆ ತಲೆ ಮಾಡಿದ ಮೀನಿನಲ್ಲಿ ಮಾತ್ರೆ ಇರಲೇ ಇಲ್ಲ. ಎಡಕ್ಕೆ ತಲೆ ಮಾಡಿದ ಐದನೆಯ ಮೀನಿನೊಳಗಿತ್ತು. ಶಿಳ್ಳೆಗೂ ಹೇಳಿರಲಿಲ್ಲ. ಆತ ಮೊದಲ ಮೀನನ್ನು ಗಿರ್ರನೆ ತಿರುಗಿಸಿ ಹಾಕಿದ. ಅತ್ತೆ ಅದನ್ನು ಮರ್ಯಾದೆಯಿಂದ ಒಯ್ದು ಹಕ್ಕಿಗೆ ಕೊಟ್ಟಳು. ಉಳಿದವನ್ನು, ಐದನೆಯದನ್ನೂ ಸೇರಿಸಿ, ಗುಳುಂ ಗುಳುಂ ನುಂಗಿದಳು.

“ಅವನು ಕೈ ತಿರುಗಿಸೋದನ್ನ ನೋಡೇ ತಿಳ್ಕೊಂಡಿದಾಳೆ” ಅಂದರು ಡಾಕ್ಟರಮ್ಮ. ನೀರಿನ ಮೇಲೂ ಡಾಲ್ಫಿನ್‌ಗೆ ಕಣ್ಣು ಚೆನ್ನಾಗಿ ಕಾಣುತ್ತದಂತೆ. “ಒಂದ್ಸಲ ಕಹಿ ಅನ್ನಿಸಿರಬೇಕು. ಆಮೇಲೆ ಆ ಗುರುತಿನ ಮೀನೇ ಬೇಡ ಅಂತ ಬಿಟ್ಟಿದಾಳೆ.”

“ಗುರುತು ಹಾಕಿದ್ದು ನಾನೇ” ಅಂದಳು ಅಕ್ಕ, ಸಣ್ಣ ದನಿಯಲ್ಲಿ. “ಹಳೇ ತರಬೇತುದಾರ ಮೀನು ತಿರುಗಿಸ್ದೇ ಹಾಗೇ ಹಾಕ್ತಿದ್ದ, ಇವಳೇ ಬಾಯಲ್ಲಿ ತಿರುಗಿಸ್ಕೊಂಡು ನುಂಗ್ತಿದ್ಲು. ನಾನೇ ಇವನಿಗೆ ತಿರುಗಿಸು ಅಂತ ಹೇಳ್ಕೊಟ್ಟೆ.” ಮತ್ತೆ ಶಿಳ್ಳೆಯ ಕಡೆ ತಿರುಗಿ, “ನಿನ್ ಮೇಲಿದ್ದ ಅನುಮಾನದಲ್ಲಿ ಅರ್ಧ ಹೋಯ್ತಪ್ಪ” ಅಂದಳು.

“ಇನ್ನರ್ಧ?”

“ಇರ್ಲಿ, ಕೆಲಸಕ್ಕೆ ಬೇಕಾಗತ್ತೆ.”

ಬಲೆಗೆ ತೇಪೆ ಬಿತ್ತು. ಈಗ ಮಾತ್ರೆ ಯಾವ ಮೀನಿನಲ್ಲಿದೆ ಅಂತ ಆಕೆ ಯಾರಿಗೂ ಹೇಳುವುದಿಲ್ಲ, ಬಕೆಟ್ ಪೂರ್ತಿ ಖಾಲಿಯಾಗಬೇಕು ಅಷ್ಟೆ. ಎರಡನೆಯ ಪರೀಕ್ಷೆಗೆ ಡಾಕ್ಟರಮ್ಮ ಹತ್ತು ದಿನದ ಗಡುವನ್ನು ತಾವೇ ಮುಂದೂಡಿದರು. ತಿಂಗಳು ತುಂಬುವಾಗ ರಕ್ತ ಸರಿಹೋಗಿತ್ತು, ಅತ್ತೆ ನೆಟ್ಟಗೆ ಈಜುತ್ತಿದ್ದಳು. ಬೀಗದ ಕೈ ಅಕ್ಕನ ಸೊಂಟದಲ್ಲೇ ಇದೆ. ಹಕ್ಕಿ ಸ್ವಲ್ಪ ದಿನ ಕಾದು, ಸೊರಗಿ, ಜಾಗ ಬದಲಾಯಿಸಿತು.

ಆದರೆ ಅತ್ತೆ ಮರೆತಿಲ್ಲ. ಈಗ ಒಂದೊಂದು ಮೀನಿಗೂ ಮುಂಚೆ ತಲೆ ಓರೆ ಮಾಡಿ, ಒಂದೇ ಕಣ್ಣಿನಲ್ಲಿ ದಡದ ಅಕ್ಕನನ್ನು ಅಳೆಯುತ್ತಾಳೆ. ಅಕ್ಕನೂ ಕಣ್ಣು ಕಿರಿದು ಮಾಡಿ ಅಳೆಯುತ್ತಾಳೆ. ಆ ನೋಟದ ಜುಗಲ್‌ಬಂದಿ ನೋಡಬೇಕಾದರೆ ಬೆಳಗ್ಗೆ ಎಂಟರೊಳಗೆ ಹೋಗಿ, ಹಿಂದಿನ ನೀಲಿ ಬಾಗಿಲು ತಟ್ಟಿ. ಕೈಗಳನ್ನು ಜೇಬಿನಿಂದ ಹೊರಗಿಡಿ, ಇಲ್ಲದಿದ್ದರೆ ಏನು ಬಚ್ಚಿಟ್ಟಿದೀರಿ ಅಂತ ಕೇಳುತ್ತಾಳೆ. ಮೊದಲು ನಿಮ್ಮನ್ನು ಮೂಸಿಯೂ ನೋಡಬಹುದು, ಬೇಸರಿಸಬೇಡಿ. ‘ಹೂಂ’ ಅಂದಳೆಂದರೆ ಒಳಗೆ ಹೋಗಿ ಮಾತಾಡಿಸಿ ಬನ್ನಿ.