ಚುಕ್ಕಿ ಕೇಳಿದರೆ ಸಾಲೇ ಹೋಯಿತು

ಹುಮನಾಬಾದಿನ ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ನಾನೇ ಕಂಪ್ಯೂಟರ್ ಪಂಡಿತ. ಒಮ್ಮೆ ಪ್ರಿಂಟರ್‌ನಲ್ಲಿ ಸಿಕ್ಕಿಬಿದ್ದ ಕಾಗದವನ್ನು ಹರಿಯದಂತೆ ಎಳೆದು ತೆಗೆದಿದ್ದೆ. ಪಾಂಡಿತ್ಯಕ್ಕೆ ಅಷ್ಟೇ ಆಧಾರ. ಹಾಗಾಗಿ ನಮ್ಮ ಕನ್ನಡ ಮೇಡಂ ಜ಼ುಲೇಖಾ ನಿವೃತ್ತರಾದಾಗ ಅಭಿನಂದನ ಪತ್ರ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮೂವತ್ತು ವರ್ಷದಲ್ಲಿ ಯಾರನ್ನೂ ಏನೂ ಕೇಳದ ಮೇಡಂ ಈಗ ಒಂದು ಕೇಳಿದರು. "ಸರ, ಹಾಜರಿ ಪುಸ್ತಕದಾಗ ಹ್ಯಾಂಗರ ಬರ್ಕೋರಿ. ಇದರಾಗ ನನ್ನ ಹೆಸರಿನ ಜಕಾರದ ಕೆಳಗ ಚುಕ್ಕಿ ಇರ್ಲಿ. ನಮ್ಮ ಅಬ್ಬಾ ಇಟ್ಟ ಹೆಸರದ."

ಇದೇನು ಮಹಾ ಎಂದುಕೊಂಡು ಬಸವಕಲ್ಯಾಣದ ಮನೆಯಲ್ಲಿ ಬರೆಯಲು ಕೂತೆ. ನನ್ನ ಕನ್ನಡ ಕೀಲಿಮಣೆಯ ತಂತ್ರಾಂಶದಲ್ಲಿ ಚುಕ್ಕಿಗೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ನಾನು ಬರೆಯಲು ಬಳಸುವ ಎಡಿಟರ್‌ಗೆ ಅದೇ ಎರಡು ಗುಂಡಿಗಳ ಅರ್ಥ, ಈ ಸಾಲು ಅಳಿಸು. ಒತ್ತಿದೆ, ಮೇಡಂ ಹೆಸರಿದ್ದ ಸಾಲು ಮಾಯ. ಮತ್ತೆ ಬರೆದು ಒತ್ತಿದೆ, ಮತ್ತೆ ಮಾಯ. ಈ ಎಡಿಟರ್ ಮೊದಲು ಯಾವುದೋ ಕಚೇರಿಯಲ್ಲಿ ನೌಕರಿ ಮಾಡಿರಬೇಕು. ಹೆಸರಿನಲ್ಲಿ ಸಣ್ಣ ತಿದ್ದುಪಡಿ ಕೇಳಿದವರನ್ನು ಪಟ್ಟಿಯಿಂದಲೇ ತೆಗೆದುಹಾಕುವ ಶಿಸ್ತು ಬೇರೆಲ್ಲಿ ಕಲಿಯಲು ಸಾಧ್ಯ? ಇದನ್ನು ತಯಾರಿಸಿದ ಮಹಾಶಯರ ಹೆಸರಿಗೆ ಚುಕ್ಕಿಯ ಗರಜೇ ಬಿದ್ದಿರಲಿಕ್ಕಿಲ್ಲ. ಬೇರೆ ಎಡಿಟರ್ ಇರಲಿಲ್ಲವೇ ಅನ್ನುತ್ತೀರಿ. ಇತ್ತು, ಆದರೆ ಪಂಡಿತರಿಗೆ ಬರುವುದು ಒಂದೇ.

ಕೊನೆಗೆ ಚುಕ್ಕಿ ಬಿಟ್ಟೇ ಬರೆದು, ಅಚ್ಚಾದ ಮೇಲೆ ಪೆನ್ನಿನಿಂದ ಇಟ್ಟರಾಯಿತು ಎಂದು ಅಚ್ಚಿನ ಅಂಗಡಿಗೆ ಕಳಿಸಿದೆ. ಅಂಗಡಿಯ ಶರಣಪ್ಪ ನನಗಿಂತ ಚುರುಕು. ನಾನು ಹೋಗುವಷ್ಟರಲ್ಲಿ ಪತ್ರಕ್ಕೆ ಗಾಜು ಕೂಡಿಸಿ, ಚೌಕಟ್ಟಿಗೆ ಮೊಳೆ ಹೊಡೆದು ಮುಗಿಸಿದ್ದ. ಚುಕ್ಕಿಯ ವಿಷಯ ಎತ್ತಿದರೆ, "ಒಂದ್ ಚುಕ್ಕಿಗಿ ಯಾರ್ ನೋಡ್ತಾರ್ರಿ ಸರ" ಎಂದ.

ಸಮಾರಂಭಕ್ಕೆ ಹೊತ್ತಾಗಿತ್ತು. ಹುಮನಾಬಾದಿನ ಬಸ್ಸು ಹತ್ತಿ, ಅದು ನಿಂತ ಕಡೆಯಲ್ಲೆಲ್ಲ ಮಾರ್ಕರ್ ಹಿಡಿದು, ಹೆಸರಿದ್ದ ನಾಲ್ಕೂ ಕಡೆ ಗಾಜಿನ ಮೇಲೆಯೇ ಚುಕ್ಕಿ ಇಟ್ಟೆ. ವೇದಿಕೆಯಲ್ಲಿ ಮೇಡಂ ತಮ್ಮ ಹೆಸರನ್ನೇ ಬಹಳ ಹೊತ್ತು ನೋಡಿದರು, ಕಣ್ಣು ತುಂಬಿಕೊಂಡರು. ನನಗೆ ಹೆಮ್ಮೆಯೋ ಹೆಮ್ಮೆ. ಆ ಹೆಮ್ಮೆಯಲ್ಲಿ ನಿಜ ಹೇಳುವುದನ್ನು ಮರೆತೆ. ಮರೆತೆ ಅನ್ನುವುದೂ ಸುಳ್ಳೇ.

ನಾಲ್ಕನೇ ದಿನ ಅವರ ಫೋನ್ ಬಂತು.

"ಸರ, ಧೂಳ ಕುಂತಿತ್ತಂತ ಗಾಜ ಒರಸ್ದೆ. ಚುಕ್ಕಿ ಎಲ್ಲಾ ಒರಸೂ ಬಟ್ಟಿಗಿ ಬಂದ್ವು."

ಅವರೇ ಮುಂದುವರಿಸಿದರು.

"ಇರ್ಲಿ ಬಿಡ್ರಿ. ಮೊಳಿ ಕಿತ್ತು, ಕಾಗದದ ಮ್ಯಾಲೆ ನಾನೇ ಹಾಕೀನಿ. ಕೆಂಪ ಪೆನ್ನಿಲೆ."

ಎಷ್ಟು ಅಂಕ ಕೊಟ್ಟಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.